ಕಡಲ ತಳದಲ್ಲಿ ಮೇಲು ಯಾವ ಕಡೆ?

ನೀರಿನಡಿ ತೆಗೆದ ಏಳೆಂಟುನೂರು ಫೋಟೊಗಳನ್ನು ತಂತ್ರಾಂಶಕ್ಕೆ ಕೊಟ್ಟು ರಾತ್ರಿಯಿಡೀ ಕಂಪ್ಯೂಟರ್ ಓಡಲು ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಹವಳದ ದಿಬ್ಬವೊಂದು ಮೂರು ಆಯಾಮಗಳಲ್ಲಿ ತೆರೆಯ ಮೇಲೆ ಬಂದಿರುತ್ತದೆ. ಹವಳದ ಒಂದೊಂದು ಕವಲೂ ಕಾಣುತ್ತದೆ, ಮರಳಿನ ಮೇಲೆ ಅಲೆ ಎಳೆದ ಗೆರೆಗಳೂ ಕಾಣುತ್ತವೆ. ಆದರೆ ದಿಬ್ಬ ಮಗುಚಿಕೊಂಡಿರುತ್ತದೆ, ಇಲ್ಲವೇ ಮಗ್ಗುಲಾಗಿ ಗೋಡೆಯಂತೆ ನಿಂತಿರುತ್ತದೆ. ಅದು ಹತ್ತು ಮೀಟರ್ ಅಗಲದ್ದೋ ಅಂಗೈಯಗಲದ್ದೋ ಎಂಬುದೂ ಮಾದರಿಯಿಂದ ತಿಳಿಯುವುದಿಲ್ಲ. ತಂತ್ರಾಂಶದ ತಪ್ಪೇನೂ ಇದರಲ್ಲಿ ಇಲ್ಲ. ಕೊಟ್ಟ ಫೋಟೊಗಳಲ್ಲಿ ಆ ಮಾಹಿತಿಯೇ ಇರಲಿಲ್ಲ.

ಒಂದೇ ವಸ್ತುವನ್ನು ಹಲವು ಕಡೆಗಳಿಂದ ನೋಡಿದ ಚಿತ್ರಗಳಿಂದ ಅದರ ಆಕಾರವನ್ನು ಲೆಕ್ಕಹಾಕಿ ತೆಗೆಯುವುದು ಫೋಟೊಗ್ರಾಮೆಟ್ರಿ. ಅದಕ್ಕೆ ದಕ್ಕುವುದು ವಸ್ತುವಿನ ಒಳಗಿನ ಸಂಬಂಧಗಳು ಮಾತ್ರ: ಈ ಕಲ್ಲಿಗೂ ಆ ಕಲ್ಲಿಗೂ ಇರುವ ದೂರ ಇನ್ನೊಂದು ದೂರದ ಎಷ್ಟು ಪಾಲು, ಈ ಕವಲು ಆ ಕವಲಿಗೆ ಎಷ್ಟು ಕೋನದಲ್ಲಿದೆ ಎಂಬಂಥವು. ಇಡೀ ಮಾದರಿಯನ್ನು ತಿರುಗಿಸಿದರೂ ಸರಿಸಿದರೂ ಹಿಗ್ಗಿಸಿದರೂ ಅದೇ ಫೋಟೊಗಳಿಗೆ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಹೀಗೆ ತೀರ್ಮಾನವಾಗದೆ ಉಳಿಯುವ ಸಂಖ್ಯೆಗಳು ಏಳು: ಸ್ಥಾನಕ್ಕೆ ಮೂರು, ತಿರುವಿಗೆ ಮೂರು, ಅಳತೆಯ ಪ್ರಮಾಣಕ್ಕೆ ಒಂದು. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳ ಸ್ಥಾನ ಮಾದರಿಯಲ್ಲೂ ಹೊರಜಗತ್ತಿನಲ್ಲೂ ಗೊತ್ತಿದ್ದರೆ ಈ ಏಳನ್ನೂ ಒಟ್ಟಿಗೆ ಕಂಡುಹಿಡಿಯಬಹುದು. ಅದಕ್ಕೆ ಸುತ್ತುಬಳಸಿಲ್ಲದ ನೇರ ಸೂತ್ರವೊಂದನ್ನು ಬರ್ಥೋಲ್ಡ್ ಹಾರ್ನ್ 1987ರಲ್ಲಿ ಪ್ರಕಟಿಸಿದರು. ಗಣಿತದ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಆ ಮೂರು ಬಿಂದುಗಳನ್ನು ಕಡಲಿನೊಳಗೆ ನಂಬುವಂತೆ ಅಳೆಯುವುದು ಹೇಗೆ ಎಂಬುದು ಮಾತ್ರ ಇಂದಿಗೂ ಜನ ಜಗಳವಾಡುವ ವಿಷಯ.

ನೆಲದ ಮೇಲೆ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ಡ್ರೋನ್ ತಾನು ತೆಗೆದ ಪ್ರತಿ ಚಿತ್ರದ ಜೊತೆ ತಾನಿದ್ದ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಬರೆದಿಡುತ್ತದೆ. ಉಪ್ಪುನೀರಿನಲ್ಲಿ ಉಪಗ್ರಹದ ರೇಡಿಯೊ ಅಲೆ ಕೆಲವೇ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಏಳು ಸಂಖ್ಯೆಗಳನ್ನೂ ಡೈವರ್ ತಾನೇ ಹೊತ್ತು ತರಬೇಕು, ಅದೂ ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ. ಹಾಗಿರುವಾಗ ಯಾವುದಕ್ಕೆ ಮೊದಲು ಸಮಯ ಕೊಡಬೇಕು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ನನ್ನ ಉತ್ತರ ಇದು: ಸ್ಥಾನ ನಾಲ್ಕೈದು ಮೀಟರ್ ಆಚೀಚೆಯಾದರೂ ಹೆಚ್ಚಿನ ಕೆಲಸಗಳಿಗೆ ಅಡ್ಡಿಯಿಲ್ಲ. ಅಳತೆಯ ಪ್ರಮಾಣ ಸುಲಭ. ಉದ್ದ ಗೊತ್ತಿರುವ ಎರಡು ಮೂರು ಕೋಲುಗಳನ್ನು ತಳದಲ್ಲಿಟ್ಟು ಅವೂ ಫೋಟೊದಲ್ಲಿ ಬೀಳುವಂತೆ ನೋಡಿಕೊಂಡರಾಯಿತು. ಉತ್ತರ ದಿಕ್ಕು ಕೆಲವು ಸಲ ಬೇಕು, ಕೆಲವು ಸಲ ಬೇಡ. ಆದರೆ ಮಟ್ಟ, ಅಂದರೆ ಗುರುತ್ವ ಯಾವ ಕಡೆಗೆ ಎಳೆಯುತ್ತಿದೆ ಎಂದು ಹೇಳುವ ಆ ಎರಡು ಕೋನಗಳು, ತಪ್ಪಿದರೆ ಮಾದರಿ ಎಷ್ಟೇ ಚಂದವಿದ್ದರೂ ಅದರಿಂದ ತೆಗೆದ ಸಂಖ್ಯೆಗಳು ಹಾಳಾಗುತ್ತವೆ. ತಪ್ಪಾಗಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ.

ಉದಾಹರಣೆಗೆ ಹವಳದ ದಿಬ್ಬದ ಉಬ್ಬುತಗ್ಗನ್ನೇ ತೆಗೆದುಕೊಳ್ಳಿ. ಮೀನುಮರಿಗಳಿಗೆ ಅಡಗುದಾಣ ಎಷ್ಟು ಸಿಗುತ್ತದೆ ಎಂಬುದು ಅದನ್ನು ಅವಲಂಬಿಸಿದ್ದರಿಂದ ಜೀವಶಾಸ್ತ್ರಜ್ಞರಿಗೆ ಈ ಅಳತೆ ಬಹಳ ಮುಖ್ಯ. 1970ರ ದಶಕದಿಂದ ಅದಕ್ಕೆ ಸರಪಳಿ ಬಳಸುತ್ತ ಬಂದರು: ಸರಪಳಿಯನ್ನು ದಿಬ್ಬದ ಮೈಗೆ ಅಂಟುವಂತೆ ಹಾಸಿ, ಅದರ ಉದ್ದವನ್ನು ಅದು ಕ್ರಮಿಸಿದ ನೇರ ದೂರದಿಂದ ಭಾಗಿಸುವುದು. ಮೂರು ಆಯಾಮದ ಮಾದರಿ ಬಂದ ಮೇಲೆ ಮೇಲ್ಮೈಯ ವಿಸ್ತೀರ್ಣವನ್ನು ಅದರ ಸಮತಲ ನೆರಳಿನ ವಿಸ್ತೀರ್ಣದಿಂದ ಭಾಗಿಸತೊಡಗಿದರು. ಈಗ ಒಂದೇ ಒಂದು ಉಬ್ಬೂ ಇಲ್ಲದ ಚಪ್ಪಟೆ ಹಾಸುಬಂಡೆಯೊಂದರ ಮಾದರಿ 20 ಡಿಗ್ರಿ ವಾಲಿಕೊಂಡಿದೆ ಎನ್ನಿ. ಅನುಪಾತ 1.06 ಎಂದು ಬರುತ್ತದೆ. 30 ಡಿಗ್ರಿ ವಾಲಿದರೆ 1.15. ಇಲ್ಲದ ಉಬ್ಬುತಗ್ಗು ಲೆಕ್ಕದಲ್ಲಿ ಹುಟ್ಟಿಕೊಂಡಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಏರಿಯಲ್ ಫ್ರೀಡ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೊಂದು ಹಾದಿ ತೋರಿಸಿದರು. ಪ್ರತಿ ತುಣುಕಿಗೂ ಅದಕ್ಕೆ ಚೆನ್ನಾಗಿ ಹೊಂದುವ ಸಮತಲವನ್ನು ಹುಡುಕಿ, ಉಬ್ಬುತಗ್ಗನ್ನು ಆ ಸಮತಲದ ಮೇಲೆ ಅಳೆಯುವುದು, ಇಳಿಜಾರನ್ನೂ ಅದು ಮುಖಮಾಡಿರುವ ದಿಕ್ಕನ್ನೂ ಬೇರೆಯಾಗಿ ಲೆಕ್ಕಹಾಕುವುದು. ಉಬ್ಬುತಗ್ಗು ಇದರಿಂದ ಪಾರಾಗುತ್ತದೆ. ಇಳಿಜಾರು ಪಾರಾಗುವುದಿಲ್ಲ, ಏಕೆಂದರೆ ಗುರುತ್ವದ ದಿಕ್ಕು ತಿಳಿಯದೆ ಇಳಿಜಾರು ಎಂಬ ಮಾತಿಗೆ ಅರ್ಥವಿಲ್ಲ.

ಇಲ್ಲೇ ಬಹಳ ಜನ ಹಿಡಿಯುವ ಅಡ್ಡದಾರಿಯೊಂದಿದೆ. ಮಾದರಿ ಓರೆಯಾಗಿ ಬಂದರೆ ಇಡೀ ತಳಕ್ಕೆ ಒಂದು ಸಮತಲವನ್ನು ಹೊಂದಿಸಿ, ಅದೇ ಮಟ್ಟ ಎಂದು ಘೋಷಿಸಿಬಿಡುವುದು. ಕ್ಲೌಡ್‌ಕಂಪೇರ್‌ನಂಥ ಉಚಿತ ತಂತ್ರಾಂಶದಲ್ಲಿ ಮೂರು ಬಿಂದುಗಳನ್ನು ಒತ್ತಿದರೆ ಈ ಕೆಲಸ ಮುಗಿಯುತ್ತದೆ. ಲಗೂನಿನ ಮರಳು ತಳಕ್ಕೆ ಇದು ಹೇಗೋ ನಡೆಯುತ್ತದೆ. ಹವಳದ ದಿಬ್ಬದ ಹೊರ ಇಳಿಜಾರಿನಲ್ಲಿ ಹೀಗೆ ಮಾಡಿದರೆ ಅಳೆಯಬೇಕಿದ್ದ ಇಳಿಜಾರನ್ನೇ ಅಳಿಸಿಹಾಕಿದಂತೆ. ಕಡಿದಾದ ಹವಳದ ಗೋಡೆ ನೆಲವಾಗಿ ಮಲಗುತ್ತದೆ; ಅದರ ಚಾಚುಗಳ ಕೆಳಗಿನ ನೆರಳಲ್ಲಿ ಬೆಳೆಯುವ ಜೀವಿಗಳು ಬಯಲಿಗೆ ಬಂದು ಕೂರುತ್ತವೆ. ನಮ್ಮ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಇರುವಂಥ ಗುಂಡುಬಂಡೆಗಳ ತಳದಲ್ಲಂತೂ ಯಾವ ಮೂರು ಬಿಂದು ಒತ್ತಿದರೆ ಯಾವ ಮಟ್ಟ ಬರುತ್ತದೆ ಎಂಬುದು ಒತ್ತಿದವರ ಮರ್ಜಿ. ಇಂಥ ಮಾದರಿಯಿಂದ ಇಳಿಜಾರಿನ ನಕ್ಷೆ ತೆಗೆದು ಮುದ್ರಿಸುವುದಕ್ಕಿಂತ ಇಳಿಜಾರನ್ನು ಅಳೆದಿಲ್ಲ ಎಂದು ಬರೆಯುವುದು ವಾಸಿ.

ಕಂಪ್ಯೂಟರ್ ಬರುವ ಮೊದಲಿನ ಜನ ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರು ಎನಿಸುತ್ತದೆ. 1961ರಿಂದ 1964ರವರೆಗೆ ಟರ್ಕಿಯ ಯಾಸ್ಸಿ ಅದಾ ಬಳಿ ಜಾರ್ಜ್ ಬಾಸ್ ಅವರ ತಂಡ ಏಳನೆಯ ಶತಮಾನದ ಬೈಜಾಂಟೈನ್ ಹಡಗೊಂದನ್ನು ಉತ್ಖನನ ಮಾಡಿತು. ಹಡಗು ಬಿದ್ದಿದ್ದದ್ದು ಇಳಿಜಾರಿನ ಮೇಲೆ. ಅವರು ಆ ಇಳಿಜಾರಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಬ್ಬಿಣದ ಚೌಕಟ್ಟುಗಳನ್ನು ಕೂರಿಸಿ, ಒಂದೊಂದನ್ನೂ ಮಟ್ಟ ಮಾಡಿ, ಅವುಗಳ ಮೇಲೆ ಕ್ಯಾಮೆರಾ ಗೋಪುರವನ್ನು ಸರಿಸುತ್ತ ಹೋದರು. ಪ್ರತಿ ಫೋಟೊ ನೇರ ಕೆಳಮುಖವಾಗಿ ಬರುವಂತೆ ಮೊದಲೇ ನೋಡಿಕೊಂಡದ್ದರಿಂದ ಆಮೇಲೆ ತಿರುಗಿಸುವ ಪ್ರಶ್ನೆ ಬರಲಿಲ್ಲ. 1964ರಲ್ಲಿ ಅಶೆರಾ ಎಂಬ ಪುಟ್ಟ ಜಲಾಂತರ್ಗಾಮಿಯಿಂದ ಜೋಡಿ ಕ್ಯಾಮೆರಾಗಳ ಪ್ರಯೋಗವೂ ಅಲ್ಲೇ ನಡೆಯಿತು. ಅದೇ ಟರ್ಕಿಯ ಉಲುಬುರುನ್‌ನಲ್ಲಿ 1984ರಿಂದ 1994ರವರೆಗೆ, 22,413 ಬಾರಿ ನೀರಿಗಿಳಿದು, ಕ್ರಿ.ಪೂ. 14ನೆಯ ಶತಮಾನದ ಹಡಗನ್ನು ಹೊರತೆಗೆದರು. ನಲವತ್ತು ಚಿಲ್ಲರೆ ಮೀಟರಿನಿಂದ ಅರವತ್ತು ಮೀಟರ್ ಆಳದವರೆಗೆ ಸರಕು ಹರಡಿತ್ತು, ತಾಮ್ರದ ಗಟ್ಟಿಗಳ ಸಾಲುಗಳು ಕೆಳಕ್ಕೆ ಜಾರಿದ್ದವು. ಯಾವುದು ಹಡಗಿನ ಯಾವ ಭಾಗದಿಂದ ಜಾರಿತು ಎಂದು ಊಹಿಸಬೇಕಾದರೆ ಇಳಿಜಾರಿನ ನಿಜವಾದ ಕೋನ ಬೇಕು. ಅಂಥ ಜಾಗದಲ್ಲಿ ತಳಕ್ಕೆ ಸಮತಲ ಹೊಂದಿಸಿ ಮಟ್ಟ ಎಂದರೆ, ಸರಕು ಯಾಕೆ ಜಾರಿತು ಎಂಬ ಪ್ರಶ್ನೆಯೇ ಮಾಯ.

ಹಾಗಾದರೆ ಮಟ್ಟವನ್ನು ತರುವುದು ಎಲ್ಲಿಂದ? ಸಮುದ್ರ ತಾನೇ ಅದನ್ನು ಕೊಡುತ್ತದೆ. ಶಾಂತ ನೀರಿನ ಮೇಲ್ಮೈ ಮಟ್ಟಸವಾಗಿರುತ್ತದೆ. ಅದರಿಂದ ಕೆಳಕ್ಕೆ ಎಷ್ಟು ಇಳಿದಿದ್ದೇವೆ ಎಂಬುದನ್ನು ನೀರಿನ ಒತ್ತಡ ಹೇಳುತ್ತದೆ. ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುವುದು ಡೈವಿಂಗ್ ಕಲಿತವರಿಗೆಲ್ಲ ಬಾಯಿಪಾಠ. ಡೈವರನ ಮಣಿಕಟ್ಟಿನ ಕಂಪ್ಯೂಟರ್ ಅದನ್ನೇ ಆಳವಾಗಿ ತೋರಿಸುತ್ತದೆ. ತಳದಲ್ಲಿ ನಾಲ್ಕೈದು ಗುರುತುಫಲಕಗಳನ್ನು ಇಟ್ಟು, ಒಂದೊಂದರ ಮೇಲೂ ಅದೇ ಕಂಪ್ಯೂಟರನ್ನು ಹಿಡಿದು ಆಳ ಬರೆದುಕೊಂಡರೆ, ಮಾದರಿಯಲ್ಲಿ ಆ ಫಲಕಗಳ ಎತ್ತರಗಳು ಈ ಆಳಗಳಿಗೆ ಹೊಂದುವಂತೆ ತಿರುಗಿಸಬಹುದು. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ವಿಧಾನ ನನಗೆ ಕಂಡಿಲ್ಲ. ಆದರೂ ಇದನ್ನು ಅರೆಮನಸ್ಸಿನಿಂದ ಮಾಡುವವರೇ ಹೆಚ್ಚು, ಎಲ್ಲ ಫಲಕಗಳನ್ನೂ ಒಂದೇ ಮೂಲೆಯಲ್ಲಿ ಗುಂಪುಗೂಡಿಸಿ ಇಟ್ಟುಬಿಡುತ್ತಾರೆ.

ಫಲಕಗಳು ದೂರ ದೂರ ಇರಬೇಕಾದದ್ದು ಯಾಕೆಂದರೆ, ಸಾಮಾನ್ಯ ಡೈವ್ ಕಂಪ್ಯೂಟರ್ ಆಳವನ್ನು ಹತ್ತು ಸೆಂಟಿಮೀಟರಿನ ಹೆಜ್ಜೆಗಳಲ್ಲಿ ತೋರಿಸುತ್ತದೆ. ಎರಡು ಫಲಕಗಳ ನಡುವೆ ಹತ್ತು ಮೀಟರ್ ಅಂತರವಿದ್ದರೆ ಹತ್ತು ಸೆಂಟಿಮೀಟರಿನ ತಪ್ಪು ಮಾದರಿಯನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವಾಲಿಸುತ್ತದೆ. ಅಂತರ ಎರಡೇ ಮೀಟರ್ ಆಗಿದ್ದರೆ ಅದೇ ತಪ್ಪು ಮೂರು ಡಿಗ್ರಿಯಷ್ಟಾಗುತ್ತದೆ, ಒಂದು ಮೀಟರಿನ ಚೌಕದಲ್ಲಿ ಆರು ಡಿಗ್ರಿಯ ಹತ್ತಿರ. ಮೂರು ಫಲಕಗಳು ಒಂದು ತಳವನ್ನು ನಿರ್ಧರಿಸುತ್ತವೆ, ಆದರೆ ಆ ಮೂರರಲ್ಲಿ ಒಂದರ ಆಳವನ್ನು ತಪ್ಪಾಗಿ ಬರೆದುಕೊಂಡಿದ್ದರೆ ಪತ್ತೆಹಚ್ಚುವ ದಾರಿ ಇರುವುದಿಲ್ಲ. ನಾಲ್ಕನೆಯದು ಬಂದರೆ ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಐದನೆಯದು ಬಂದರೆ ಯಾವುದು ತಪ್ಪು ಎಂದು ಗೊತ್ತಾಗುತ್ತದೆ. ಎರಡು ಕಂಪ್ಯೂಟರುಗಳ ಆಳಗಳನ್ನು ಬೆರೆಸಬಾರದು. ಒಂದೇ ಬಗೆಯವು ಕೂಡ ಒಂದಕ್ಕೊಂದು ಹೊಂದದಿರಬಹುದು.

ಅಲೆಗಳ ಕಾಟವನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ಮೀಟರ್ ಆಳದ ತಳದಲ್ಲಿ ಕೂತವನಿಗೆ ಮೇಲೆ ಅಲೆ ಹಾದುಹೋದದ್ದು ಕಾಣದಿರಬಹುದು, ಒತ್ತಡಮಾಪಕಕ್ಕೆ ಗೊತ್ತಾಗುತ್ತದೆ. ಆರು ಸೆಕೆಂಡಿಗೊಮ್ಮೆ ಬರುವ ಅಲೆಯ ಏರಿಳಿತದಲ್ಲಿ ಸುಮಾರು ಅರ್ಧದಷ್ಟು ಆ ಆಳದ ತಳವನ್ನು ಮುಟ್ಟುತ್ತದೆ. ಹನ್ನೆರಡು ಸೆಕೆಂಡಿಗೊಮ್ಮೆ ಬರುವ, ದೂರದ ಬಿರುಗಾಳಿಯಿಂದ ಹುಟ್ಟಿದ ಉದ್ದನೆಯ ಅಲೆಯಾದರೆ ಶೇ. 85ಕ್ಕೂ ಹೆಚ್ಚು. ತೆರೆಯ ತುದಿಯಿಂದ ತಗ್ಗಿಗೆ ಒಂದು ಮೀಟರ್ ಎತ್ತರವಿರುವ ಅಲೆ, ಅಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಪರೂಪವೇನಲ್ಲದ ಅಲೆ, ಮಾಪಕವನ್ನು ಮೊದಲನೆಯ ಸಂದರ್ಭದಲ್ಲಿ ಇಪ್ಪತ್ತೈದು ಸೆಂಟಿಮೀಟರ್, ಎರಡನೆಯದರಲ್ಲಿ ನಲವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ. ಒಂದು ನೋಟಕ್ಕೆ ಕಂಡ ಆಳವನ್ನು ಬರೆದುಕೊಂಡು ಮುಂದಕ್ಕೆ ಈಜುವ ಡೈವರ್, ಹತ್ತು ಸೆಂಟಿಮೀಟರ್ ಹೆಜ್ಜೆಯ ತಪ್ಪಿಗಿಂತ ದೊಡ್ಡ ತಪ್ಪನ್ನು ಹೀಗೆ ಮನೆಗೆ ಒಯ್ಯುತ್ತಾನೆ. ಪ್ರತಿ ಫಲಕದ ಮೇಲೆ ಒಂದೆರಡು ನಿಮಿಷ ಮಾಪಕವನ್ನು ಇಟ್ಟು, ದಾಖಲೆಯ ಸರಾಸರಿ ತೆಗೆಯುವುದೊಂದೇ ಮದ್ದು. ಅಷ್ಟು ಹೊತ್ತು ಕೂರುವ ವ್ಯವಧಾನ ಇಲ್ಲದಿದ್ದರೆ ಮಾಪಕವನ್ನು ಒಂದೊಂದು ಫಲಕದ ಮೇಲೆ ಬಿಟ್ಟು ಫೋಟೊ ತೆಗೆಯುತ್ತಿರಬಹುದು.

ಉಪ್ಪಿನಂಶದ ಬಗ್ಗೆ ಜನ ತಲೆಕೆಡಿಸಿಕೊಳ್ಳುವುದು ಹೆಚ್ಚು, ಅದರ ಪರಿಣಾಮ ಕಡಿಮೆ. ಸಿಹಿನೀರು ಎಂದು ಹೊಂದಿಸಿದ ಮಾಪಕ ಕಡಲಲ್ಲಿ ಆಳವನ್ನು ಶೇಕಡ ಎರಡೂವರೆಯಷ್ಟು ಹೆಚ್ಚು ತೋರಿಸುತ್ತದೆ. ಆದರೆ ಮಟ್ಟಕ್ಕೆ ಬೇಕಾದದ್ದು ಆಳಗಳ ವ್ಯತ್ಯಾಸ ಮಾತ್ರ. 30 ಡಿಗ್ರಿಯ ಇಳಿಜಾರು ಆ ತಪ್ಪಿನಿಂದ ಸುಮಾರು 30.8 ಆಗುತ್ತದೆ. ಉಬ್ಬರವಿಳಿತವೂ ಹಾಗೆಯೇ: ನೀರು ಏರದೆ ಇಳಿಯದೆ ನಿಂತ ಹೊತ್ತಿನಲ್ಲಿ ಎಲ್ಲ ಫಲಕಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿದರೆ ಕರ್ನಾಟಕದ ಕರಾವಳಿಯಂಥ ಕಡೆ ಅದು ಹೆಚ್ಚೂಕಡಿಮೆ ವಜಾ ಆಗುತ್ತದೆ. ಖಂಭಾತ್ ಕೊಲ್ಲಿಯಂಥ, ನೀರು ಹತ್ತು ಮೀಟರ್ ಏರಿ ಇಳಿಯುವ ಕಡೆಯಂತೂ ಪ್ರತಿ ಅಳತೆಗೂ ಗಡಿಯಾರದ ಸಮಯ ಬರೆದುಕೊಂಡು ತಿದ್ದಬೇಕು.

ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದವರು ಇಟಲಿಯ ಫಾಬಿಯೊ ಮೆನ್ನಾ, ಎರಿಕಾ ನೊಚೆರಿನೊ ಮತ್ತು ಸಂಗಡಿಗರು. ಫಲಕಗಳ ಬದಲು ಕ್ಯಾಮೆರಾಕ್ಕೇ ನಿಖರವಾದ ಒತ್ತಡಮಾಪಕವನ್ನು ಕಟ್ಟಿ, ಪ್ರತಿ ಫೋಟೊದ ಆಳವನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನವನ್ನು ಅವರು 2021ರಲ್ಲಿ ಮುಂದಿಟ್ಟರು. ಐದು ಆಳಗಳ ಬದಲು ಸಾವಿರ ಆಳಗಳು ಸಿಕ್ಕಿದರೆ ಅಲೆಯ ಕಾಟ ಸರಾಸರಿಯಲ್ಲಿ ತಗ್ಗುತ್ತದೆ. ಡೈವರ್ ಮೇಲೆ ಕೆಳಗೆ ಈಜಿದ್ದರೆ ಅಳತೆಯ ಪ್ರಮಾಣವೂ ಅದರಿಂದಲೇ ಸಿಗುತ್ತದೆ. ಉಪ್ಪಿನಂಶ ಮುಖ್ಯವಾಗುವುದು ಇಲ್ಲಿ, ಏಕೆಂದರೆ ಎರಡೂವರೆ ಶೇಕಡ ನೇರವಾಗಿ ಅಳತೆಗೆ ಇಳಿಯುತ್ತದೆ. ಅಳತೆಕೋಲನ್ನು ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಹಳೆಯ ವಿಧಾನಗಳೂ ಕೆಟ್ಟವೇನಲ್ಲ. ಗಾರೆಯವರ ರಸಮಟ್ಟ ನೀರಿನಡಿಯಲ್ಲೂ ಕೆಲಸ ಮಾಡುತ್ತದೆ. ಗುರುತುಗಳಿರುವ ಹಲಗೆಯೊಂದನ್ನು ರಸಮಟ್ಟದಿಂದ ಮಟ್ಟ ಮಾಡಿ ಫೋಟೊದಲ್ಲಿ ಸೇರಿಸಿದರೆ ಆ ಹಲಗೆಯ ತಳವೇ ಸಮತಲ. ಒಂದು ಹಲಗೆಯನ್ನು ನಂಬಬೇಡಿ, ಮೂರು ನಾಲ್ಕು ಕಡೆ ಇಡಿ. ಪಾರದರ್ಶಕ ಕೊಳವೆಯೊಂದನ್ನು ಕಮಾನಿನಂತೆ ಹಿಡಿದು, ಎರಡೂ ಬಾಯಿ ಕೆಳಮುಖವಾಗಿರುವಾಗ ಒಳಗೆ ಗಾಳಿ ತುಂಬಿದರೆ, ಎರಡು ತುದಿಗಳಲ್ಲಿ ನೀರು ನಿಲ್ಲುವ ಗೆರೆ ಒಂದೇ ಆಳದಲ್ಲಿರುತ್ತದೆ. ಮನೆ ಕಟ್ಟುವಾಗ ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡುವುದರ ತಲೆಕೆಳಗು ರೂಪ. ತೂಗುಗುಂಡಿನ ಬದಲು ದಾರದ ತುದಿಗೆ ತೇಲುಬುರುಡೆ ಕಟ್ಟಿದರೆ ದಾರ ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ ಎಂಬ ಆಸೆಯೂ ಹಳೆಯದು. ಸೆಳೆತವಿದ್ದರೆ ಅದು ಓರೆಯಾಗುತ್ತದೆ, ಅಲೆಗೆ ತೂಗಾಡುತ್ತದೆ. ತೆಳ್ಳಗಿನ ಅಲುಗಾಡುವ ದಾರವನ್ನು ತಂತ್ರಾಂಶ ಸರಿಯಾಗಿ ಕಟ್ಟಲಾರದು. ಇದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಗೋಪ್ರೊದಂಥ ಕ್ಯಾಮೆರಾಗಳು ವಿಡಿಯೊ ಜೊತೆಗೆ ವೇಗೋತ್ಕರ್ಷವನ್ನೂ ದಾಖಲಿಸುತ್ತವೆ. ಈಜುವವನ ಎಳೆದಾಟ ದೀರ್ಘ ಸರಾಸರಿಯಲ್ಲಿ ಶೂನ್ಯದತ್ತ ಹೋಗಿ ಗುರುತ್ವ ಉಳಿಯುವುದರಿಂದ, ಅದೂ ಮಟ್ಟಕ್ಕೆ ಒಂದು ಸಾಕ್ಷಿ. ಆಳಗಳು ಹೇಳಿದ್ದನ್ನು ಪರೀಕ್ಷಿಸಲು ಇದು ಬಹಳ ಚೆನ್ನಾಗಿದೆ.

ಒಂದು ಎಚ್ಚರಿಕೆ. ತಿರುಗಿಸಿದರೆ ಓರೆ ಹೋಗುತ್ತದೆ, ಡೊಂಕು ಹೋಗುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.34. ಚಪ್ಪಟೆ ಗಾಜಿನ ಹಿಂದೆ ಕೂತ ಕ್ಯಾಮೆರಾದ ನೋಟ ಇದರಿಂದ ಕಿರಿದಾಗುತ್ತದೆ, ಅಂಚುಗಳು ವಿಕಾರಗೊಳ್ಳುತ್ತವೆ. ಗುಮ್ಮಟದಂಥ ಗಾಜು ಸರಿಯಾಗಿ ಕೂತಿದ್ದರೆ ಈ ತೊಂದರೆ ಬಹಳ ಕಡಿಮೆ. ವಿಕಾರವನ್ನು ತಂತ್ರಾಂಶ ಸರಿಯಾಗಿ ಊಹಿಸದಿದ್ದರೆ, ಅದರಲ್ಲೂ ಎಲ್ಲ ಫೋಟೊಗಳನ್ನೂ ನೇರ ಕೆಳಮುಖವಾಗಿ ತೆಗೆದಿದ್ದರೆ, ಸಮತಟ್ಟಾದ ತಳ ಬಟ್ಟಲಾಗಿಯೋ ಗುಮ್ಮಟವಾಗಿಯೋ ಬಾಗುತ್ತದೆ. ಡ್ರೋನ್ ಚಿತ್ರಗಳಲ್ಲಿ ಇದೇ ರೋಗವನ್ನು ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲಿ ವಿವರಿಸಿ, ಓರೆ ಚಿತ್ರಗಳನ್ನು ಸೇರಿಸುವುದು ಮದ್ದು ಎಂದು ತೋರಿಸಿದ್ದರು. ಫಲಕಗಳು ಅಂಚಿನಲ್ಲಷ್ಟೇ ಇದ್ದರೆ ಬಟ್ಟಲು ಅಡಗಿಕೊಳ್ಳುತ್ತದೆ. ನಡುವೆಯೂ ಒಂದು ಬೇಕು.

ಇದರ ಜೊತೆಗೇ ಬರುವ ಜಗಳ: ಆಳಗಳನ್ನು ಫೋಟೊಗಳ ಲೆಕ್ಕದೊಳಗೇ ಸೇರಿಸಬೇಕೋ, ಮಾದರಿ ಸಿದ್ಧವಾದ ಮೇಲೆ ಗಟ್ಟಿ ವಸ್ತುವಿನಂತೆ ಇಡಿಯಾಗಿ ತಿರುಗಿಸಬೇಕೋ? ಒಳಗೇ ಸೇರಿಸಿ, ಆಳಗಳನ್ನು ಮಿಲಿಮೀಟರಿನಷ್ಟು ನಿಖರ ಎಂದು ತಂತ್ರಾಂಶಕ್ಕೆ ಸುಳ್ಳು ಹೇಳಿದರೆ, ಒಂದು ಸೆಂಟಿಮೀಟರಿನಷ್ಟು ಸರಿಯಿದ್ದ ಮಾದರಿಯನ್ನು ಹತ್ತು ಸೆಂಟಿಮೀಟರಿನ ಒರಟು ಆಳಗಳು ಎಳೆದಾಡಿ ಬಾಗಿಸುತ್ತವೆ. ಒರಟು ಮಾಪಕವಿದ್ದಾಗ ಮೊದಲು ಮಾದರಿ ಕಟ್ಟಿ ಆಮೇಲೆ ತಿರುಗಿಸುವುದೇ ಕ್ಷೇಮ. ಒಳ್ಳೆಯ ಮಾಪಕವಿದ್ದು, ಅದರ ತಪ್ಪೆಷ್ಟು ಎಂದು ಪ್ರಾಮಾಣಿಕವಾಗಿ ನಮೂದಿಸಿದರೆ ಒಳಗೆ ಸೇರಿಸಬಹುದು, ಆಗ ಬಟ್ಟಲನ್ನು ನೆಟ್ಟಗೆ ಮಾಡಲೂ ಅದು ನೆರವಾಗುತ್ತದೆ.

ಉತ್ತರ ದಿಕ್ಕಿನ ಮಾತು ಚಿಕ್ಕದು. ಎರಡು ಫಲಕಗಳ ನಡುವಿನ ಗೆರೆಯ ಮೇಲೆ ದಿಕ್ಸೂಚಿ ಹಿಡಿದು ಕೋನ ಬರೆದುಕೊಂಡರೆ ಎರಡು ಮೂರು ಡಿಗ್ರಿಯೊಳಗೆ ಸಿಗುತ್ತದೆ. ಉಕ್ಕಿನ ಸಿಲಿಂಡರ್, ಟಾರ್ಚಿನ ಅಯಸ್ಕಾಂತ, ಕಬ್ಬಿಣದ ಅಳತೆಕೋಲು ಹತ್ತಿರ ಬಂದರೆ ಸೂಜಿ ದಾರಿ ತಪ್ಪುತ್ತದೆ. ಉಕ್ಕಿನ ಹಡಗಿನ ಪಕ್ಕದಲ್ಲಿ ಅದನ್ನು ಕೇಳುವುದೇ ವ್ಯರ್ಥ. ದಕ್ಷಿಣ ಭಾರತದಲ್ಲಿ ಸೂಜಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಒಂದೆರಡು ಡಿಗ್ರಿ ಅಂತರವಷ್ಟೇ ಆದ್ದರಿಂದ ನಮ್ಮಲ್ಲಿ ಅದನ್ನು ಮರೆತರೂ ನಡೆದುಹೋಗುತ್ತದೆ, ಬೇರೆ ಕಡಲುಗಳಲ್ಲಿ ನಡೆಯುವುದಿಲ್ಲ. ಫಲಕಗಳ ನೇರಕ್ಕೆ ಮೇಲೆ ಬುರುಡೆ ತೇಲಿಸಿ ಜಿಪಿಎಸ್ ಹಿಡಿಯುವವರೂ ಇದ್ದಾರೆ. ಐವತ್ತು ಮೀಟರಿನ ಗೆರೆಯಲ್ಲಿ ತುದಿಗೆ ಮೂರು ಮೂರು ಮೀಟರಿನ ತಪ್ಪಾದರೆ ದಿಕ್ಕು ಐದು ಡಿಗ್ರಿಯಷ್ಟು ಹೋಗುತ್ತದೆ. ಚಿಕ್ಕ ಜಾಗಕ್ಕೆ ದಿಕ್ಸೂಚಿಯೇ ಮೇಲು.

ಇಷ್ಟೆಲ್ಲ ಎಚ್ಚರ ಫಲ ಕೊಡುವುದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವಾಗ. ಗುಂಡು ಗುಂಡಾಗಿ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹತ್ತು ಮೀಟರಿನ ಜಾಗದ ಮಾದರಿ ಎರಡು ವರ್ಷಗಳ ನಡುವೆ ಒಂದು ಡಿಗ್ರಿ ಬೇರೆ ವಾಲಿದರೆ ತುದಿಯಲ್ಲಿ 17 ಸೆಂಟಿಮೀಟರ್ ಅಂತರ ಬರುತ್ತದೆ. ಡಿಗ್ರಿಯ ಹತ್ತನೆಯ ಒಂದು ಪಾಲು ವಾಲಿದರೂ ಹವಳದ ವರ್ಷದ ಬೆಳವಣಿಗೆಗಿಂತ ಹೆಚ್ಚು. ಎರಡು ಮಾದರಿಗಳನ್ನು ಒಂದರ ಮೇಲೊಂದು ಕೂರಿಸಲು 1992ರಲ್ಲಿ ಬೆಸ್ಲ್ ಮತ್ತು ಮೆಕೇ ರೂಪಿಸಿದ ಐಸಿಪಿ ವಿಧಾನ ಹಲವು ತಂತ್ರಾಂಶಗಳಲ್ಲಿ ಇದೆ: ಹತ್ತಿರದ ಬಿಂದುಗಳನ್ನು ಜೋಡಿಸುತ್ತ, ಅಂತರ ಕಡಿಮೆಯಾಗುವವರೆಗೆ ಸರಿಸುತ್ತದೆ. ಅಂತರವನ್ನು ಕಡಿಮೆ ಮಾಡುವುದೇ ಅದರ ಕಸುಬು, ನಾವು ಹುಡುಕುತ್ತಿರುವುದು ಆ ಅಂತರವನ್ನೇ. ದಿಬ್ಬವಿಡೀ ಸಮನಾಗಿ ಬೆಳೆದಿದ್ದರೆ ಐಸಿಪಿ ಆ ಬೆಳವಣಿಗೆಯನ್ನು ನುಂಗಿ, ಏನೂ ಆಗಿಲ್ಲ ಎನ್ನುತ್ತದೆ. ಬೆಳೆಯದ ಬಂಡೆ, ನೆಟ್ಟ ಸರಳುಗಳನ್ನಷ್ಟೇ ಅದಕ್ಕೆ ಕೊಡಬೇಕು. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದಲ್ಲಿ ಆರ್ಮಿನ್ ಗ್ರೂನ್, ನೊಚೆರಿನೊ, ಮೆನ್ನಾ ಮೊದಲಾದವರು ತಳದಲ್ಲಿ ಶಾಶ್ವತ ಬಿಂದುಗಳನ್ನು ನೆಟ್ಟು, ಅವುಗಳ ನಡುವಿನ ದೂರ ಮತ್ತು ಎತ್ತರದ ವ್ಯತ್ಯಾಸಗಳನ್ನು ಸರ್ವೆಯವರ ಶಿಸ್ತಿನಿಂದ ಅಳೆದದ್ದು ಇದಕ್ಕಾಗಿಯೇ.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳ ಬಿಳಿಚಿಕೊಂಡಿತು, 2024ರಲ್ಲಿ ಮತ್ತೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಶೋಧಕರು ಮೊದಲ ಬಿಳಿಚುವಿಕೆಯ ಕಾಲದಿಂದ ಅಲ್ಲಿನ ದಿಬ್ಬಗಳನ್ನು ಗಮನಿಸುತ್ತ ಬಂದಿದ್ದಾರೆ. ಮುಂಗಾರಿನ ಅಲೆಗೆ ಎದೆಕೊಡುವ ಪಡುವಣ ಮುಖಕ್ಕೂ ಮರೆಯಲ್ಲಿರುವ ಮೂಡಣ ಮುಖಕ್ಕೂ ಅಲ್ಲಿ ದಿಬ್ಬದ ಗತಿ ಬೇರೆ ಬೇರೆ. ಇಂಥ ಕಡೆ ಮಾದರಿ ಕಟ್ಟುವವರಿಗೆ ಮಟ್ಟದ ಜೊತೆ ಉತ್ತರವೂ ಬೇಕೇ ಬೇಕು.

ಮುಳುಗಿದ ಹಡಗುಗಳಲ್ಲಿ ಇನ್ನೊಂದು ತೊಡಕಿದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಇಂಗ್ಲೆಂಡಿನ ಮೇರಿ ರೋಸ್ ತಳದಲ್ಲಿ ಬಲಕ್ಕೆ ಸುಮಾರು 60 ಡಿಗ್ರಿ ವಾಲಿಕೊಂಡು ಮಲಗಿತ್ತು. ಬಡಗಿಗೆ, ನೌಕಾಶಿಲ್ಪಿಗೆ ಬೇಕಾದದ್ದು ಅಟ್ಟವೇ ಮಟ್ಟವಾಗಿರುವ ಹಡಗು. ಕೆಸರಿನ ಪದರಗಳನ್ನು ಓದುವವರಿಗೆ ಬೇಕಾದದ್ದು ಗುರುತ್ವಕ್ಕೆ ಮಟ್ಟವಾದ ತಳ. ಎರಡೂ ಸರಿಯೇ. ಆ ಹಡಗಿನ ಟೇಪಿನಳತೆಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಲು ನಿಕ್ ರೂಲ್ ರೂಪಿಸಿದ ನೇರ ಸರ್ವೆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಳದ ಅಳತೆಗಳೂ ಸೇರಿದಾಗ ಅದಕ್ಕೆ ಮೇಲು ಯಾವ ಕಡೆ ಎಂದು ತಿಳಿಯುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗಿನ ಸೀಳನ್ನು ಅಳೆಯುವಾಗ ಅರ್ಧ ಭಾಗ ನೀರಿನ ಮೇಲೆ, ಅರ್ಧ ಕೆಳಗೆ ಇತ್ತು. ಮೆನ್ನಾ ಮತ್ತು ಸಂಗಡಿಗರು ನೀರಿನ ಗೆರೆಯನ್ನು ದಾಟಿ ನಿಲ್ಲುವ, ಮೇಲೆ ಕೆಳಗೆ ಗುರುತುಗಳಿರುವ ಕೋಲುಗಳಿಂದ ಎರಡು ಮಾದರಿಗಳನ್ನು ಹೊಲಿದರು.

ಮೊದಲು ಹೇಳಿದ ಹವಳದ ಗೋಡೆಯ ಸಮಸ್ಯೆಗೂ ಉತ್ತರ ಮೇರಿ ರೋಸ್‌ನಂತೆ ಎರಡು ಚೌಕಟ್ಟುಗಳನ್ನು ಇಟ್ಟುಕೊಳ್ಳುವುದರಲ್ಲೇ ಇದೆ. ಕಡಿದಾದ ದಿಬ್ಬದ ಚಿತ್ರನಕ್ಷೆಯನ್ನು ನೇರ ಮೇಲಿನಿಂದ ತೆಗೆದರೆ ಅದು ಒಂದು ಪಟ್ಟಿಯಾಗಿ ಕಿರಿದಾಗುತ್ತದೆ. ಆದ್ದರಿಂದ ಜನ ಮಾದರಿಯನ್ನೇ ಮಲಗಿಸುತ್ತಾರೆ. ಮಾದರಿಯನ್ನು ಗುರುತ್ವಕ್ಕೆ ಸರಿಯಾಗಿ ನಿಲ್ಲಿಸಿಟ್ಟು, ನಕ್ಷೆಗೆ ಬೇಕಾದ ನೋಟದ ತಳವನ್ನು ಬೇರೆಯಾಗಿ ಆರಿಸಲು ಹಲವು ತಂತ್ರಾಂಶಗಳಲ್ಲಿ ಅವಕಾಶವಿದೆ. ಹಡಗಿಗೂ ಹಾಗೆಯೇ ಅಟ್ಟದ ಚೌಕಟ್ಟನ್ನು ಎರಡನೆಯದಾಗಿ ಸೇರಿಸಬಹುದು. ಮಾದರಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟಿಸುವಾಗ ಮಾತ್ರ ಕಣ್ಣಿಟ್ಟಿರಬೇಕು. ನಕ್ಷೆಯವರಿಗೆ ಮೂರನೆಯ ಅಕ್ಷ ಮೇಲಕ್ಕೆ, ಆಟ ಮತ್ತು ಸಿನಿಮಾ ಮಾಡುವವರಲ್ಲಿ ಹಲವರಿಗೆ ಎರಡನೆಯದು ಮೇಲಕ್ಕೆ. ಆಳವನ್ನು ಕೆಳಮುಖವಾಗಿ ಧನ ಎಂದು ಬರೆದು ಎತ್ತರದ ಕಾಲಮಿನಲ್ಲಿ ತುಂಬಿದರೆ ದಿಬ್ಬ ಮಗುಚಿ ಹೊಂಡವಾಗುತ್ತದೆ.

ಬಹಳ ಆಳದಲ್ಲಿ ಯಂತ್ರಗಳೇ ಈ ಹೊರೆಯನ್ನು ಹೊರುತ್ತವೆ. 2022ರಲ್ಲಿ 3,800 ಮೀಟರ್ ಆಳದ ಟೈಟಾನಿಕ್‌ನ ಏಳು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದದ್ದು ದೂರನಿಯಂತ್ರಿತ ವಾಹನಗಳು. ಮಾಲ್ಟಾದ ಗೋಜೊ ಬಳಿ 110 ಮೀಟರ್ ಆಳದ ಫಿನೀಷಿಯನ್ ಹಡಗಿನ ಚಿತ್ರಗಳನ್ನು ತೆಗೆದದ್ದು ಪುಟ್ಟ ಜಲಾಂತರ್ಗಾಮಿಯಿಂದ. ಅಂಥ ವಾಹನಗಳಲ್ಲಿ ವಾಲುವಿಕೆಯನ್ನು ಅಳೆಯುವ ಗೈರೊ, ಒತ್ತಡಮಾಪಕ ಇದ್ದೇ ಇರುತ್ತವೆ. ಉಳಿಯುವ ಪ್ರಶ್ನೆ ಕ್ಯಾಮೆರಾವನ್ನು ವಾಹನಕ್ಕೆ ಎಷ್ಟು ಕೋನದಲ್ಲಿ ಬಿಗಿದಿದ್ದಾರೆ ಎಂಬುದೊಂದೇ.

ನಮ್ಮ ದೇಶದಲ್ಲಿ ಸಮುದ್ರ ಪುರಾತತ್ವಕ್ಕೆ ನೆಲೆ ಹಾಕಿದವರು ಲೋಥಲ್ ಉತ್ಖನನದ ಶಿಕಾರಿಪುರ ರಂಗನಾಥ ರಾಯರು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಿಂದ 1980ರ ದಶಕದಲ್ಲಿ ಅವರು ನಡೆಸಿದ ದ್ವಾರಕೆಯ ಶೋಧ ಡೈವರುಗಳ ಕಣ್ಣು, ಟೇಪು, ಕೈಚಿತ್ರಗಳ ಮೇಲೆ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಮತ್ತೆ ಅಲ್ಲಿ ನೀರಿಗಿಳಿದಿದೆ. ಅಲ್ಲಿನ ಕಲ್ಲುಗಳು ಕಟ್ಟಿದ ಸಾಲುಗಳೋ, ಅಲೆ ಉರುಳಿಸಿ ತಂದವೋ ಎಂಬ ಚರ್ಚೆಯಲ್ಲಿ, ಒಂದು ಸಾಲಿನ ಕಲ್ಲುಗಳ ತಲೆಗಳು ಮಟ್ಟಕ್ಕಿವೆಯೇ ಇಲ್ಲವೇ ಎಂಬುದು ಸಾಕ್ಷಿಯಾಗಬಲ್ಲದು. ಕಲ್ಲುಗಳಿಗೇ ಸಮತಲ ಹೊಂದಿಸಿ ಮಟ್ಟ ಮಾಡಿದ ಮಾದರಿಯಲ್ಲಿ ಅವು ಮಟ್ಟಕ್ಕೇ ಇರುತ್ತವೆ.

ಮಾದರಿಯ ಕಡತದ ಜೊತೆ ಏನೇನು ಉಳಿಯಬೇಕು ಎಂಬ ಬಗ್ಗೆ ಒಮ್ಮತ ಇನ್ನೂ ಸಡಿಲವಾಗಿದೆ. ನನ್ನ ಪಟ್ಟಿ ಚಿಕ್ಕದು: ತಿರುಗಿಸುವ ಮೊದಲಿನ ಮಾದರಿ, ತಿರುಗಿಸಿದ ಏಳು ಸಂಖ್ಯೆಗಳು, ಪ್ರತಿ ಫಲಕದ ಕಚ್ಚಾ ಆಳ ಮತ್ತು ಸಮಯ, ಮಾಪಕದ ಹೆಸರು, ತಿರುಗಿಸಿದ ಮೇಲೆ ಪ್ರತಿ ಫಲಕದಲ್ಲಿ ಉಳಿದ ತಪ್ಪು. ನಕ್ಷೆಯ ಆಳವನ್ನು ಹಡಗುಗಳ ಚಾರ್ಟಿಗೆ ಹೋಲಿಸುವವರು ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದಿಂದ ಯಾವ ಬಂದರಿನ, ಯಾವ ಗಂಟೆಯ ತಿದ್ದುಪಡಿ ಬಳಸಿದರು ಎಂಬುದನ್ನೂ ಸೇರಿಸಬೇಕು. ಎಲ್ಲ ಸೇರಿ ಒಂದು ಪುಟ ದಾಟುವುದಿಲ್ಲ.